ಉಪಕರಣವೂ ಉಪಯೋಗವೂ

ಮಕ್ಕಳು ಉದ್ಯೋಗ ಅರಸಿ ಹೊರನಾಡಿಗೆ ತೆರಳಿದ ಮೇಲೆ, ಮೈಸೂರಿನ ಜಯಲಕ್ಷ್ಮಿಪುರಂನಂಥ ಬಡಾವಣೆಗಳಲ್ಲಿ ಹಿರಿಯರಷ್ಟೇ ಉಳಿದ ಮನೆಗಳುಂಟು. ಅತ್ತ ದೂರದೂರಿನ ಬಾಡಿಗೆ ಕೋಣೆಯಲ್ಲಿ ಮಕ್ಕಳೂ ಒಂಟಿ. ಮನದ ಅಳಲನ್ನು ಮೊಬೈಲಿನ ಕೃತಕ ಬುದ್ಧಿಮತ್ತೆಗೆ ಹೇಳಿಕೊಳ್ಳುವ ರೂಢಿ ಈಗ ಬೆಳೆಯುತ್ತಿದೆ. ಸಾಂತ್ವನ ನೀಡುವ ‘ವೈಸಾ’ ಎಂಬ ಚಾಟ್‌ಬಾಟ್ ರೂಪುಗೊಂಡದ್ದು ಬೆಂಗಳೂರಿನಲ್ಲಿಯೇ.

ಈ ಆಕರ್ಷಣೆ ಹೊಸದಲ್ಲ. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ಎದುರಿನವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುವುದು ಅದರ ಕ್ರಮ. ಅದು ಯಂತ್ರವೆಂದು ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಾಡುತ್ತ, ಕೋಣೆಯಿಂದ ಹೊರಗಿರುವಂತೆ ಅವರನ್ನು ಕೋರಿದರಂತೆ. ಕೇಳುವವರಿಗಾಗಿ ಮನುಷ್ಯನ ಹಂಬಲ ಅಷ್ಟು ಆಳವಾದದ್ದು.

ಕೇಳುವುದೆಂದರೇನು? ಪಾರ್ಶ್ವವಾಯುವಿನಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಎಡಬದಿಯ ಅನ್ನವನ್ನು ಮುಟ್ಟದೆ ಏಳುತ್ತಾರೆ. ಕಣ್ಣಿನಲ್ಲಿ ದೋಷವಿಲ್ಲ, ಆ ಕಡೆಗೆ ಗಮನ ಹರಿಯದು. ಇಂದ್ರಿಯವಿದ್ದ ಮಾತ್ರಕ್ಕೆ ಅರಿವಾಗದು. ಜೈನಾಚಾರ್ಯರು ಇದನ್ನು ಬೇರೊಂದು ನೆಲೆಯಲ್ಲಿ ವಿವೇಚಿಸಿದ್ದಾರೆ. ದ್ರವ್ಯೇಂದ್ರಿಯವು ನಿರ್ವೃತ್ತಿ ಮತ್ತು ಉಪಕರಣ ರೂಪದ್ದು. ಭಾವೇಂದ್ರಿಯವು ಲಬ್ಧಿ ಮತ್ತು ಉಪಯೋಗ ರೂಪದ್ದು. ಉಪಯೋಗವೆಂದರೆ ಚೈತನ್ಯವು ವಿಷಯದತ್ತ ತೊಡಗುವುದು. ಅದೇ ಜೀವದ ಲಕ್ಷಣ. ಯಂತ್ರದಲ್ಲಿ ಉಪಕರಣವುಂಟು, ಈ ಉಪಯೋಗವಿಲ್ಲ. ಅದರ ಉತ್ತರ ಸಮಂಜಸವಾಗಿರಬಹುದು. ಹೇಳಿದವರ ನೋವು ಅದಕ್ಕೆ ತಟ್ಟದು.

ಹಾಗೆಂದು ಯಂತ್ರವನ್ನು ಪೂರ್ಣವಾಗಿ ತಿರಸ್ಕರಿಸುವುದು ಅನೇಕಾಂತ ದೃಷ್ಟಿಗೆ ಒಪ್ಪದು. ಸಂಕೋಚದಿಂದ ಯಾರ ಬಳಿಯೂ ಬಾಯಿಬಿಡದವರಿಗೆ ಅದು ಮೊದಲ ಮೆಟ್ಟಿಲಾಗಬಹುದು. ಆದರೆ ಬದುಕೇ ಬೇಡವೆನಿಸಿದ ಹೊತ್ತಿನಲ್ಲಿ ಬೇಕಾದದ್ದು ಮನುಷ್ಯರ ದನಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ, ತರಬೇತಿ ಪಡೆದ ಆಪ್ತಸಮಾಲೋಚಕರು ಹಗಲಿರುಳೂ ಉಚಿತವಾಗಿ ದೊರೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಿ ಸಂಸ್ಥೆ.

ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ತನ್ನ ದೋಷವನ್ನು ಮುಚ್ಚಿಡದೆ ಗುರುವಿನಲ್ಲಿ ನಿವೇದಿಸುವುದು. ದೋಷವಾಗಲಿ ದುಃಖವಾಗಲಿ, ಅದನ್ನು ಇಳಿಸಿಕೊಳ್ಳಲು ಹೊಣೆಯರಿತು ಕೇಳುವ ಜೀವವೊಂದು ಬೇಕು. ‘ಶ್ರಾವಕ’ ಎಂಬ ಪದದ ಅರ್ಥವೇ ಕೇಳುವವನು. ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕುಳಿತೇಳುವ ಗೃಹಸ್ಥನು ಮೊಬೈಲನ್ನು ಬದಿಗಿಟ್ಟು, ಮುಪ್ಪಿನ ತಾಯಿಯ ಮಾತಿಗೂ ದೂರದಲ್ಲಿರುವ ಮಗಳ ಮೌನಕ್ಕೂ ಅದೇ ಉಪಯೋಗವನ್ನು ಇತ್ತರೆ, ಆ ಹೆಸರು ಸಾರ್ಥಕವಾದೀತು.