ಕ್ಷುದ್ರಗ್ರಹ ಬಡಿದರೆ ಜೀವ ಉಳಿದೀತೆ?

2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಆಕಾಶದಲ್ಲಿ ಸೂರ್ಯನನ್ನೂ ಮೀರಿಸುವ ಬೆಳಕೊಂದು ಮಿಂಚಿ ಮಾಯವಾಯಿತು. ಏನದು ಎಂದು ನೋಡಲು ಜನ ಕಿಟಕಿಗಳ ಬಳಿ ಓಡಿದರು. ಬೆಳಕಿನ ಹಿಂದೆ ಸದ್ದು ತಡವಾಗಿ ಬರುತ್ತದೆಂಬ ಶಾಲೆಯ ಪಾಠ ಹೆಚ್ಚಿನವರಿಗೆ ನೆನಪಾಗಲಿಲ್ಲ. ಎರಡು ನಿಮಿಷ ಕಳೆಯುತ್ತಲೇ ಆಘಾತದ ಅಲೆ ಅಪ್ಪಳಿಸಿ ಗಾಜುಗಳು ಪುಡಿಯಾದವು. ಸುಮಾರು 1,500 ಮಂದಿಗೆ ಗಾಯ, ಬಹುತೇಕ ಗಾಜಿನಿಂದಲೇ. ಶಿಕ್ಷಕಿಯೊಬ್ಬರು ಮಾತ್ರ ತರಗತಿಯ 44 ಮಕ್ಕಳನ್ನೂ ಮೇಜಿನಡಿ ಅಡಗಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ, ಗಾಯಗೊಂಡದ್ದು ಶಿಕ್ಷಕಿ.

ಆ ಬಂಡೆಯ ಅಡ್ಡಳತೆ ಬರೀ 20 ಮೀಟರ್! ಡೈನೊಸಾರ್‌ಗಳ ಕಾಲ ಮುಗಿಸಿದ, 6.6 ಕೋಟಿ ವರ್ಷಗಳ ಹಿಂದಿನ ಕ್ಷುದ್ರಗ್ರಹ ಸುಮಾರು 10 ಕಿಲೋಮೀಟರಿನದು. ಅಂಥದ್ದು ಬಡಿಯುವುದು ಹತ್ತು ಕೋಟಿ ವರ್ಷಗಳಿಗೊಮ್ಮೆಯೋ, ಅದಕ್ಕೂ ಅಪರೂಪವೋ. ಆಗಲೂ ಜೀವ ಪೂರ್ತಿ ಅಳಿಯಲಿಲ್ಲ. ಬದುಕುಳಿದ ಪುಟ್ಟ ಪ್ರಾಣಿಗಳಲ್ಲಿ ಮನುಷ್ಯನ ಪೂರ್ವಜರೂ ಇದ್ದರು. ಭೂಮಿಯ ಸಮೀಪ ಸುಳಿಯುವ, ಒಂದು ಕಿಲೋಮೀಟರಿಗಿಂತ ದೊಡ್ಡ ಬಂಡೆಗಳಲ್ಲಿ ಶೇ. 90ಕ್ಕೂ ಹೆಚ್ಚು ಪತ್ತೆಯಾಗಿವೆ. ಅವುಗಳಲ್ಲಿ ಯಾವುದೂ ಮುಂದಿನ 100 ವರ್ಷ ಭೂಮಿಗೆ ಬಡಿಯುವ ಲಕ್ಷಣವಿಲ್ಲ. ಹೆತ್ತವರು ಈ ಒಂದು ಭಯವನ್ನು ಬಿಡಬಹುದು.

ಚಿಂತೆ ಸಣ್ಣವುಗಳದ್ದು. ಒಂದು ನಗರವನ್ನೇ ನೆಲಸಮ ಮಾಡಬಲ್ಲ, 140 ಮೀಟರಿಗಿಂತ ದೊಡ್ಡವುಗಳಲ್ಲಿ ಅರ್ಧದಷ್ಟೂ ಇನ್ನೂ ಸಿಕ್ಕಿಲ್ಲ. 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆದು, ಅದರ ಪ್ರದಕ್ಷಿಣೆಯ ಅವಧಿಯನ್ನು ಸುಮಾರು 33 ನಿಮಿಷ ತಗ್ಗಿಸಿತು. ಆದರೆ ಹೀಗೆ ತಳ್ಳಬೇಕಾದರೆ ಬಂಡೆ ವರ್ಷಗಳ ಮೊದಲೇ ಕಾಣಬೇಕು. ಚೆಲ್ಯಾಬಿನ್ಸ್ಕ್‌ಗೆ ಬಂದದ್ದು ಸೂರ್ಯನ ದಿಕ್ಕಿನಿಂದ. ಅದು ಯಾವ ದೂರದರ್ಶಕದ ಕಣ್ಣಿಗೂ ಬಿದ್ದಿರಲಿಲ್ಲ.