ಯಾರ ಅಂಗಳದಲ್ಲಿ ರಂಗೋಲಿ ಇಟ್ಟಿರಿ?

ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ನೆಲೆಯೂರಿದ ಕನ್ನಡಿಗರೇ, ಪ್ಯಾರಮಟ್ಟಾದಲ್ಲೋ ಬ್ಲ್ಯಾಕ್‌ಟೌನ್‌ನಲ್ಲೋ ಹೊಸ್ತಿಲಿಗೆ ಅರಿಸಿನ ಬಳಿದು ಹಾಲುಕ್ಕಿಸಿದ ಅಣ್ಣಂದಿರೇ, ಅಕ್ಕಂದಿರೇ, ಮಗಳ ಬಾಣಂತನಕ್ಕೆಂದು ಹಾಸನದಿಂದ, ಧಾರವಾಡದಿಂದ ಬಂದು ಆ ಮನೆಯ ಹಿತ್ತಲಲ್ಲಿ ಕರಿಬೇವಿನ ಸಸಿ ನೆಟ್ಟು ಹೋದ ತಾಯಂದಿರೇ, ನಿಮ್ಮನ್ನು ಒಂದು ಮಾತು ಕೇಳಬೇಕು. ಬೈಯಲು ಬಂದವಳಲ್ಲ ನಾನು, ನಿಮ್ಮ ಮನೆಗಳಲ್ಲೇ ಉಂಡವಳು. ಭೂತಾಯಿಗೆ ಕೈಮುಗಿದು ಅಪ್ಪಣೆ ಕೇಳದೆ ಗುದ್ದಲಿ ಎತ್ತದ ಮಂದಿ ನಾವು. ಈ ಅಂಗಳದಲ್ಲಿ ರಂಗೋಲಿ ಇಡುವ ಮೊದಲು, ಅದು ಯಾರ ಅಂಗಳವೆಂದು ಕೇಳಿದಿರಾ?

ಅದು ಧರುಗ್ ಜನರ ನೆಲ. ಆದರೆ ಅವರು ನೆಲವನ್ನು ತಮ್ಮದೆನ್ನುವ ರೀತಿ ನಮ್ಮ ಪಹಣಿಯ ರೀತಿಯಲ್ಲ. ನೆಲಕ್ಕೆ ತಾವು ಸೇರಿದವರು ಎನ್ನುತ್ತಾರೆ. ಈ ಹೊಳೆ, ಈ ಬಂಡೆ, ಹೊಳೆಯ ಹಾವುಮೀನು, ಅದರ ಕಥೆ, ಕಥೆಯ ಹಾಡು, ಹಾಡಿನ ಮಾತು ಎಲ್ಲವನ್ನೂ ಹಿರಿಯರಿಂದ ಪಡೆದು, ಕಾದು, ಕಿರಿಯರ ಕೈಗೆ ಒಪ್ಪಿಸುವುದು ಅವರಿಗೆ ಹುಟ್ಟಿನಿಂದ ಬಂದ ಹೊಣೆ. ಕೊಡಗಿನ ದೇವರಕಾಡಿಗೆ ಕೊಡಲಿ ಒಯ್ಯಲು ಅಳುಕುವ, ಕರಾವಳಿಯ ನಾಗಬನದ ಒಣ ಕೊಂಬೆಯನ್ನೂ ಒಲೆಗೆ ಹಾಕದ ಜನರ ನಾಡಿನಿಂದ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಅರಿಯದವರಲ್ಲ.

ನೀವು ದಿನವೂ ರೈಲು ಹತ್ತುವ ಬ್ಲ್ಯಾಕ್‌ಟೌನ್‌ಗೆ ಆ ಹೆಸರು ಎಲ್ಲಿಂದ ಬಂತು? 1815ರಲ್ಲಿ ಗವರ್ನರ್ ಮ್ಯಾಕ್ವಾರಿ ಪ್ಯಾರಮಟ್ಟಾದಲ್ಲಿ ಮೂಲನಿವಾಸಿ ಮಕ್ಕಳಿಗೆಂದು ಒಂದು ವಸತಿ ಶಾಲೆ ತೆರೆದ. ಮಕ್ಕಳನ್ನು ತಾಯ್ತಂದೆಯರಿಂದ, ತಾಯ್ತಂದೆಯರ ಮಾತಿನಿಂದ ದೂರವಿಟ್ಟು ತಿದ್ದುವುದು ಅದರ ಉದ್ದೇಶ. 1823ರಲ್ಲಿ ಆ ಶಾಲೆ ಇತ್ತ ಬಂತು, ಅದರ ಸುತ್ತಲಿನ ಜಾಗವನ್ನು ಬಿಳಿಯರು ಕರಿಯರ ಊರು ಎಂದು ಕರೆದರು, ಆ ಕರೆಯೇ ಊರ ಹೆಸರಾಗಿ ನಿಂತಿತು. ಶಾಲೆಯಿದ್ದ ಜಾಗ 2018ರಲ್ಲಿ ಧರುಗ್ ಜನರಿಗೆ ಮರಳಿದೆ. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ನೋಡಿ ಬಂದಿದ್ದೀರಿ?

ಇನ್ನೊಂದು ಜಾಗವನ್ನು ಮಾತ್ರ ನೀವೆಲ್ಲ ನೋಡಿದ್ದೀರಿ. ಊರಿಂದ ನೆಂಟರು ಬಂದಾಗ ಹಾರ್ಬರ್ ಸೇತುವೆಯ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಅಲ್ಲಿಯೇ ದಕ್ಷಿಣದ ಕಂಬದ ಬುಡದಲ್ಲಿ ಡಾಸ್ ಪಾಯಿಂಟ್ ಇದೆ. 1788ರ ಮೊದಲ ಹಡಗುಗಳಲ್ಲಿ ಬಂದ ವಿಲಿಯಂ ಡಾಸ್ ಎಂಬ ತರುಣ ಸೇನಾಧಿಕಾರಿ ಅಲ್ಲಿ ಗುಡಿಸಲು ಕಟ್ಟಿ ನಕ್ಷತ್ರ ನೋಡುತ್ತಿದ್ದ. ಮರುವರ್ಷವೇ ಸಿಡುಬು ಎದ್ದು, ಕೊಲ್ಲಿಯ ಸುತ್ತಣ ಜನರಲ್ಲಿ ಅರ್ಧದಷ್ಟು ಮಂದಿ ಸತ್ತರೆಂದು ಅಂದಿನ ಅಂದಾಜು. ಅಂಥ ಸಾವಿನ ಬೆನ್ನಲ್ಲೇ, ಪಟ್ಯೆಗರಾಂಗ್ ಎಂಬ ಎಳೆಯ ಹೆಣ್ಣುಮಗಳು ಆ ಗುಡಿಸಲಿಗೆ ಬಂದು, ಬೆಂಕಿಯ ಮುಂದೆ ಕೂತು, ಈ ಪರದೇಶಿಗೆ ತನ್ನ ಮಾತು ಕಲಿಸಿದಳು. ಅವನು ಬರೆದುಕೊಂಡ. ಆ ಸಣ್ಣ ಪುಸ್ತಕಗಳು ಲಂಡನ್ನಿನ ಗ್ರಂಥಾಲಯವೊಂದರಲ್ಲಿ ಯಾರ ಕಣ್ಣಿಗೂ ಬೀಳದೆ ಮಲಗಿದ್ದು 1972ರಲ್ಲಿ ಬೆಳಕಿಗೆ ಬಂದವು. ಅವುಗಳಲ್ಲಿ ಒಂದು ಮಾತಿದೆ: ಪುಟುವಾ. ತನ್ನ ಕೈಯನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು. ಅಷ್ಟು ಹೇಳಲು ನನಗೆ ಕನ್ನಡದಲ್ಲಿ ಒಂದು ಸಾಲು ಬೇಕಾಯಿತು, ಅವಳಿಗೆ ಒಂದೇ ಮಾತು ಸಾಕಾಗಿತ್ತು. ಯಾವ ಜನ ಎಷ್ಟು ಚಳಿಯಿರುಳು ಒಬ್ಬರ ಪಕ್ಕ ಒಬ್ಬರು ಕೂತಿದ್ದರೆ ಇಂಥದ್ದೊಂದು ಮಾತು ಹುಟ್ಟೀತು!

1790ರ ಡಿಸೆಂಬರಿನಲ್ಲಿ ಮೂಲನಿವಾಸಿಗಳನ್ನು ದಂಡಿಸಿ ಬರಲು ದಂಡು ಹೊರಟಿತು. ಡಾಸ್ ಒಲ್ಲೆನೆಂದ, ಒತ್ತಾಯಕ್ಕೆ ಹೋದ, ಬಂದ ಮೇಲೆ ಹೋದದ್ದಕ್ಕೆ ಮರುಗಿ, ಇನ್ನೆಂದೂ ಇಂಥ ಅಪ್ಪಣೆಗೆ ತಲೆಬಾಗಲಾರೆ ಎಂದ. ಉಳಿಯುವ ಆಸೆಯಿದ್ದರೂ ಮರುವರ್ಷ ಹಡಗು ಹತ್ತಬೇಕಾಯಿತು. ನಿಮ್ಮಿಂದ ನಾನು ಇದಕ್ಕಿಂತ ಹೆಚ್ಚೇನೂ ಬೇಡುತ್ತಿಲ್ಲ. ತಡವಾಗಿಯಾದರೂ ಅವನು ಮರುಗಿದ್ದ.

ನಮ್ಮ ಭಾಷೆಗೂ ಒಬ್ಬ ಪರದೇಶಿ ನಿಘಂಟು ಕಟ್ಟಿಕೊಟ್ಟ. 1894ರ ಕಿಟೆಲ್ ನಿಘಂಟನ್ನು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ ಕಿಟೆಲ್ ಬಾರದಿದ್ದರೂ ಅಜ್ಜಿಯ ಬಾಯಲ್ಲಿ, ಸಂತೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಕನ್ನಡ ಇರುತ್ತಿತ್ತು. ಆ ಭಾಗ್ಯ ಪಟ್ಯೆಗರಾಂಗಳ ಮಾತಿಗೆ ಸಿಗಲಿಲ್ಲ. ಬಿಳಿಯರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು, ಇಂದು ಮಕ್ಕಳು ತೊಟ್ಟಿಲಿನಿಂದಲೇ ಕಲಿಯುವಂಥವು ಹತ್ತು ಹನ್ನೆರಡು. ಉಳಿದವು ತಾವಾಗಿ ಒಣಗಲಿಲ್ಲ. ಮಿಷನ್ನುಗಳಲ್ಲಿ ತಾಯಿಮಾತು ಆಡಿದ ಮಗುವಿಗೆ ಏಟು ಬಿತ್ತು. ಇಪ್ಪತ್ತನೆಯ ಶತಮಾನ ಅರ್ಧ ದಾಟಿದ ಮೇಲೂ ಸರ್ಕಾರವೇ ತಾಯಂದಿರ ಮಡಿಲಿನಿಂದ ಮಕ್ಕಳನ್ನು ಎತ್ತಿಕೊಂಡು ಹೋಯಿತು, 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಆ ಮಕ್ಕಳನ್ನೇ. ಮೊಮ್ಮಗಳು ಬೆಂಗಳೂರಿನ ಅಜ್ಜಿಯೊಡನೆ ಫೋನಿನಲ್ಲಿ ಕನ್ನಡಕ್ಕೆ ತಡವರಿಸಿದರೆ ನಿಮ್ಮ ಎದೆಯಲ್ಲಿ ಏನೋ ಕಿವುಚಿದಂತಾಗುತ್ತದಲ್ಲ? ಹಾಗಾದರೆ, ಮೊಮ್ಮಗಳೇ ಇಲ್ಲವಾದ ಅಜ್ಜಿಯ ಸಂಕಟ ನಿಮಗೆ ತಿಳಿಯದೇ? ನೀವು ಅರಿಯದವರಲ್ಲ.

ಹಲ್ಮಿಡಿಯ ಕಲ್ಲು ಸುಮಾರು 1,500 ವರ್ಷ ಹಳೆಯದೆಂದು ಮಕ್ಕಳಿಗೆ ಹೇಳುವಾಗ ನಿಮ್ಮ ದನಿ ಏರುತ್ತದೆ. ಇದೇ ಖಂಡದ ಪಿಲ್ಬರಾದ ಜೂಕನ್ ಕಮರಿಯ ಕಲ್ಲಾಸರೆಯಲ್ಲಿ ಮನುಷ್ಯರು 46,000 ವರ್ಷಗಳ ಹಿಂದೆಯೇ ಬೀಡುಬಿಟ್ಟಿದ್ದರು. ಅಲ್ಲಿ ಸಿಕ್ಕ 4,000 ವರ್ಷದ, ಹಲವರ ತಲೆಗೂದಲು ಸೇರಿಸಿ ಹೆಣೆದ ಒಂದು ತುಣುಕು, ಇಂದು ಬದುಕಿರುವ ಪುಟು ಕುಂಟಿ ಕುರಮಾ ಮತ್ತು ಪಿನಿಕುರಾ ಜನರ ರಕ್ತಸಂಬಂಧಿಗಳದೇ ಎಂದು ಡಿಎನ್‌ಎ ಹೇಳಿತು. 2020ರ ಮೇ 24ರಂದು ರಿಯೊ ಟಿಂಟೊ ಗಣಿ ಕಂಪನಿ, ಹೆಚ್ಚುವರಿಯಾಗಿ ಸಿಗುವ ಸುಮಾರು 80 ಲಕ್ಷ ಟನ್ ಕಬ್ಬಿಣದ ಅದಿರಿಗಾಗಿ, ಆ ಕಲ್ಲಾಸರೆಯನ್ನು ಸಿಡಿಮದ್ದಿಟ್ಟು ಉಡಾಯಿಸಿತು. ಬೇಡವೆಂದು ಕೇಳಿಕೊಂಡವರ ಕಣ್ಣೆದುರೇ, ಕಾನೂನಿನ ಅನುಮತಿ ಕೈಯಲ್ಲಿಟ್ಟುಕೊಂಡೇ. ಸಂಡೂರಿನ ಗುಡ್ಡ ಕರಗಿದ್ದನ್ನು ಕಂಡ ನಾಡಿನವರು ನಾವು, ಆ ಕೆಂಪು ಧೂಳಿನ ಬಣ್ಣ ನಮಗೆ ಹೊಸತಲ್ಲ. ಬಂಡೆ ಅಳುವುದಿಲ್ಲ, ಬಂಡೆ ಅರ್ಜಿ ಬರೆಯುವುದಿಲ್ಲ. ಅದರ ಪರವಾಗಿ ಅತ್ತವರ ಮಾತೂ ಆ ದಿನ ಯಾರ ಕಿವಿಗೂ ಬೀಳಲಿಲ್ಲ.

ನಿಮ್ಮ ದನಿ ಬಿದ್ದೀತು. ಇದನ್ನು ಬರಿಯ ಸಮಾಧಾನಕ್ಕೆ ಹೇಳುತ್ತಿಲ್ಲ. ಜೂಕನ್ ಕಮರಿ ಒಡೆದ ಕೆಲವು ತಿಂಗಳಿಗೆ ಆ ಕಂಪನಿಯ ಮುಖ್ಯಸ್ಥ ಹುದ್ದೆ ಬಿಡಬೇಕಾಯಿತು. ಅದಕ್ಕೆ ಒತ್ತಾಯ ತಂದವರಲ್ಲಿ ಷೇರು ಹಿಡಿದಿದ್ದ ನಿವೃತ್ತಿ ನಿಧಿಗಳೂ ಇದ್ದವು. ಪ್ರತಿ ಸಂಬಳದ ಜೊತೆ ನಿಮ್ಮ ಹೆಸರಿಗೆ ಜಮೆಯಾಗುವ ಸೂಪರ್ ಹಣವೂ ಅಂಥ ನಿಧಿಗಳಿಗೇ ಹೋಗುತ್ತದೆ. ಅದು ಯಾವ ಗಣಿಯಲ್ಲಿ ದುಡಿಯುತ್ತಿದೆ ಎಂದು ಒಂದು ಪತ್ರ ಬರೆದು ಕೇಳಿ. ನಿಮ್ಮ ನಿವೃತ್ತಿಯ ನೆಮ್ಮದಿ ಇನ್ನೊಬ್ಬರ ಅಜ್ಜಂದಿರ ಗುಹೆಯನ್ನು ಪುಡಿಮಾಡಿ ಬಂದದ್ದಾಗಬೇಕೆಂದು ನೀವು ಬಯಸುವವರಲ್ಲ, ನನಗೆ ಗೊತ್ತು.

2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ಮಾತು ಸಂಸತ್ತಿಗೆ ಮುಟ್ಟಲು ಸಂವಿಧಾನದಲ್ಲೊಂದು ದಾರಿ ಬೇಕೇ ಎಂದು ದೇಶವನ್ನು ಕೇಳಲಾಯಿತು. ನೂರಕ್ಕೆ 60 ಮಂದಿ ಬೇಡವೆಂದರು, ಆರೂ ರಾಜ್ಯಗಳು ಬೇಡವೆಂದವು. ನೀವು ಏನೆಂದು ಗುರುತು ಹಾಕಿದಿರೋ ಕೇಳುವುದಿಲ್ಲ. ಆದರೆ ಅದಾದ ಮೇಲೆ ಅವರ ಮುಂದಾಳುಗಳು ಒಂದು ವಾರ ಮೌನಕ್ಕೆ ಕರೆ ಕೊಟ್ಟರಲ್ಲ, ಆ ವಾರ ನಿಮ್ಮ ಬೀದಿಯಲ್ಲಿ ಯಾರಾದರೂ ದನಿ ತಗ್ಗಿಸಿದ್ದರೇ? ರಾಜ್ಯೋತ್ಸವದ ಸಭೆಯ ಆರಂಭದಲ್ಲಿ ಈ ನೆಲದ ಹಿರಿಯರನ್ನು ನೆನೆದು ನಾಲ್ಕು ಸಾಲು ಓದುತ್ತಾರೆ. ಆಗ ಮಕ್ಕಳ ನೃತ್ಯದ ಬಟ್ಟೆ ಸರಿಮಾಡುತ್ತ, ಫೋನು ನೋಡುತ್ತ, ಪಕ್ಕದವರಿಗೆ ಕುರ್ಚಿ ಹಿಡಿಯುತ್ತ ಇರುತ್ತೇವೆ. ಮರುನಿಮಿಷವೇ ನಾಡಗೀತೆಗೆ ಎದ್ದು ನಿಂತು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಅದರಲ್ಲಿ ಒಂದು ಹನಿ ಆ ನಾಲ್ಕು ಸಾಲಿಗೂ ಇರಲಿ ಎನ್ನುತ್ತೇನೆ.

ಧರುಗ್ ಮಾತು ಪಶ್ಚಿಮ ಸಿಡ್ನಿಯ ಕೆಲವು ಶಾಲೆಗಳಲ್ಲಿ ಮತ್ತೆ ಮಕ್ಕಳ ಬಾಯಿಗೆ ಬಂದಿದೆ. ಹಳೆಯ ಪುಸ್ತಕಗಳಿಂದ, ಮನೆಗಳಲ್ಲಿ ಗುಟ್ಟಾಗಿ ಉಳಿದ ಪದಗಳಿಂದ ಅದನ್ನು ಎಳೆ ಎಳೆಯಾಗಿ ಹೆಕ್ಕಿ ತಂದವರು ಧರುಗ್ ಜನರೇ. ವಾರದ ಕೊನೆಗೆ ಕನ್ನಡ ಶಾಲೆ ನಡೆಸುವ ಮೇಷ್ಟ್ರೇ, ಟೀಚರೇ, ಅ ಆ ಇ ಈ ತಿದ್ದಿಸಿದ ಮೇಲೆ ಒಂದು ದಿನ ಧರುಗ್ ಹಿರಿಯರೊಬ್ಬರನ್ನು ಕರೆಯಿರಿ, ಕರೆದವರನ್ನು ಗೌರವದಿಂದ ನಡೆಸಿಕೊಳ್ಳಿ, ಆ ಮಕ್ಕಳು ಎರಡು ಮೂಲೆಯ ಎರಡು ತಾಯಿಮಾತನ್ನು ಒಂದೇ ಬೆಂಚಿನಲ್ಲಿ ಕೂತು ಕೇಳಲಿ. ಮುಂದಿನ ಗೃಹಪ್ರವೇಶಕ್ಕೆ ಊರವರನ್ನೆಲ್ಲ ಕರೆಯುವಾಗ, ಈ ಊರಿನವರನ್ನೂ ಕರೆಯಿರಿ. ಹಾಲಿಟ್ಟ ಒಲೆ ಹೇಗೂ ಹೊತ್ತಿರುತ್ತದೆ. ಕೈಯನ್ನು ಅದರ ಬಳಿ ಒಂದಿಷ್ಟು ಹೊತ್ತು ಹಿಡಿದು, ಬಾಗಿಲಿಗೆ ಬಂದವರ ಬೆರಳುಗಳನ್ನು ಮೆಲ್ಲಗೆ ಒತ್ತಿರಿ.