ಸಮಾಜದ ವಾಟ್ಸಾಪ್ ಬಳಗ: ಯಾರ ಪಾತ್ರ ಏನು?

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಮೊದಲು ಸಮಾಜದ ಸುದ್ದಿ ತಿಳಿಯುತ್ತಿದ್ದುದು ಬಸದಿಯ ಕಟ್ಟೆಯ ಮೇಲೆ, ಇಲ್ಲವೆ ಪೇಟೆಯ ಅಂಗಡಿಗಳಲ್ಲಿ. ಈಗ ಅದು ವಾಟ್ಸಾಪ್ ಬಳಗದಲ್ಲಿ. ಮಂದಿ ಅವರೇ, ಪಾತ್ರಗಳು ಮಾತ್ರ ಬದಲಾಗಿವೆ. ಕಟ್ಟೆಯ ಮೇಲೆ ತುಟಿ ಬಿಚ್ಚದವರು ಇಲ್ಲಿ ಮಾತುಗಾರರು. ಅಲ್ಲಿ ಹತ್ತು ಮಂದಿಗೆ ಬುದ್ಧಿ ಹೇಳುತ್ತಿದ್ದ ಹಿರಿಯರು ಇಲ್ಲಿ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ.

ಎಲ್ಲ ಬಳಗದಲ್ಲೂ ಕಾಣುವವರು ಫಾರ್ವರ್ಡ್ ಮಾಡುವವರು. ಇವರದು ಕೆಟ್ಟ ಉದ್ದೇಶವಲ್ಲ, ಸುದ್ದಿ ಮೊದಲು ತಾವೇ ಮುಟ್ಟಿಸಬೇಕೆಂಬ ಆತುರ. ಎಪಿಎಂಸಿಯಲ್ಲಿ ಸ್ಯಾಂಪಲ್ ಮುಟ್ಟಿ ನೋಡದೆ ಒಂದು ಚೀಲ ಕಡಲೆಯನ್ನೂ ಇಳಿಸಿಕೊಳ್ಳದ ವ್ಯಾಪಾರಿಯೇ ಇಲ್ಲಿ ತಾರೀಖು, ಊರು ಯಾವುದೂ ಇಲ್ಲದ ಸಂದೇಶವನ್ನು ಮುಂದಕ್ಕೆ ದಾಟಿಸುತ್ತಾನೆ. 2020ರ ಏಪ್ರಿಲ್‌ನಿಂದ, ಬಹಳ ಸಲ ಕೈ ಬದಲಾಗಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಬರುತ್ತದೆ. ಅದರ ಮೇಲೆ ಎರಡು ಬಾಣದ ಗುರುತೂ ಇರುತ್ತದೆ. ಗುರುತು ನೋಡುವವರು ಕಡಿಮೆ.

2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗ ಇದರ ಭಾರ ತಿಳಿಯಿತು. ಹಣದ ವಿಚಾರವೇ ಕಾರಣವೆಂದು ಪೊಲೀಸರು ಹೇಳಿದರು, ಇಬ್ಬರ ಬಂಧನವಾಯಿತು. ಇಡೀ ಸಮಾಜ ನೊಂದು ಬೀದಿಗಿಳಿದಿತ್ತು. ಅಂಥ ಹೊತ್ತಿನಲ್ಲಿ ಒಂದು ಸುಳ್ಳು ಸಂದೇಶ ಊರಿನ ನೆರೆಹೊರೆಯನ್ನೇ ಕೆಡಿಸಬಲ್ಲದು. ಆಗ ಬೇಕಾಗುವವರು ಇನ್ನೊಂದು ಬಗೆಯವರು, 'ಇದು ಎಲ್ಲಿಂದ ಬಂತು?' ಎಂದು ಕೇಳುವವರು. ಅವರಿಗೆ ಸಿಗುವುದು ಮಾತ್ರ ಬೈಗುಳ: ಸಮಾಜದ ಅಭಿಮಾನವಿಲ್ಲ, ಎಲ್ಲದಕ್ಕೂ ಅಡ್ಡ ಮಾತು. ಎರಡು ಸಲ ಬೈಸಿಕೊಂಡವರು ಮೂರನೆಯ ಸಲ ಕೇಳುವುದಿಲ್ಲ.

ಮುನಿಗಳ ವಿಹಾರದ ಸುದ್ದಿ ಇನ್ನೊಂದು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ನರಗುಂದದ ಮೇಲೆಯೇ ಹೋಗುತ್ತದೆ. ಬರಿಗಾಲಲ್ಲಿ ನಡೆಯುವ ತ್ಯಾಗಿಗಳ ಜೊತೆ ಲಾರಿಗಳ ನಡುವೆ ಹೆಜ್ಜೆ ಹಾಕಲು ನಾಲ್ಕು ಯುವಕರು ಬೇಕು. ಸಂದೇಶಕ್ಕೆ 'ನಮೋಸ್ತು' ಎಂದು ಹಾಕುವವರು ಬಹಳ, ಬೆಳಗಿನ ಜಾವ ಐದಕ್ಕೆ ರಸ್ತೆಗೆ ಬರುವವರು ಬಳಗದಲ್ಲಿ ಒಂದು ಸಲವೂ ಮಾತಾಡದವರು. ಸುಮ್ಮನಿರುವವರನ್ನು ನಿಷ್ಕಾಳಜಿಯವರೆಂದು ತಿಳಿಯುವುದು ತಪ್ಪು.

ಅಡ್ಮಿನ್ ಎಂಬುದು ದೊಡ್ಡ ಪದವಿಯೇನೂ ಅಲ್ಲ, ಆದರೂ ಅದಕ್ಕೆ ಮನಸ್ತಾಪ ನಡೆಯುವುದುಂಟು. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಕಾನೂನಿನ ಮಾತು ಅದು. ಮಗಳ ಬಯೋಡೇಟಾವನ್ನು ಸಮಾಜದ ಬಳಗಕ್ಕೆಂದು ಕೊಟ್ಟ ತಂದೆಗೆ, ಅದೇ ಫೋಟೊ, ಅದೇ ನಂಬರು ಗುರುತಿಲ್ಲದವರ ಕೈಗೆ ಹೋದಾಗ ಕೋರ್ಟಿನ ಮಾತು ಸಮಾಧಾನ ಕೊಡುವುದಿಲ್ಲ. ಯಾರದೋ ಮನೆಯ ಸಾವಿನ ಸುದ್ದಿ ಹತ್ತಿರದವರಿಗೆ ಮುಟ್ಟುವ ಮೊದಲೇ ಫೋಟೊ ಸಮೇತ ಬರುವುದೂ ಹೀಗೆಯೇ.

ಇದಕ್ಕೆ ಹೊಸ ನಿಯಮ ಹುಡುಕಬೇಕಾಗಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಿವೆ. ತಪ್ಪು ಉಪದೇಶ ಮಿಥ್ಯೋಪದೇಶ, ಗುಟ್ಟನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ, ಸುಳ್ಳು ಬರಹ ಕೂಟಲೇಖಕ್ರಿಯೆ. ಉಳಿದವು ನ್ಯಾಸಾಪಹಾರ, ಸಾಕಾರಮಂತ್ರಭೇದ. ಮೊದಲ ಮೂರನ್ನು ಓದಿದವರಿಗೆ ಬಳಗದ ಒಂದು ದಿನದ ಸಂದೇಶಗಳನ್ನು ವಿಂಗಡಿಸುವುದು ಕಷ್ಟವಲ್ಲ. ವಾಚಾಳಿತನಕ್ಕೂ ಅಲ್ಲಿ ಹೆಸರಿದೆ: ಮೌಖರ್ಯ, ಅನರ್ಥದಂಡವ್ರತದ ಅತಿಚಾರ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂದಾಗ ಬಳಗ ತುಂಬ ಉತ್ತಮ ಕ್ಷಮೆಯ ಚಿತ್ರಗಳು. ವರ್ಷವಿಡೀ ಬಳಗದಲ್ಲಿ ಜಗಳವಾಡಿದ ಇಬ್ಬರೂ ಒಂದೇ ಚಿತ್ರವನ್ನು ಹತ್ತು ನಿಮಿಷದ ಅಂತರದಲ್ಲಿ ಹಾಕುತ್ತಾರೆ. ಒಬ್ಬರಿಗೊಬ್ಬರು ಫೋನ್ ಮಾಡುವುದಿಲ್ಲ. ಇಬ್ಬರ ಅಂಗಡಿಯೂ ಒಂದೇ ಓಣಿಯಲ್ಲಿರುತ್ತದೆ.